ಮದ್ದಿನ ತೂಕ

ಕುಷ್ಟಗಿ ದಾಟಿದ ಕ್ವಾರಿಯ ತಗಡಿನ ಶೆಡ್ಡಿನಲ್ಲಿ
ಬುಡನ್‌ಸಾಬ ಮೊದಲು ಫ್ಯಾನು ಆರಿಸುತ್ತಾನೆ.
ಹೊಸ ಕಾಟಾ ಗಾಳಿಯನ್ನೂ ತೂಗುತ್ತದೆ,
ನನ್ನ ಉಸಿರನ್ನೂ.
"ಅತ್ತ ಸರಿ. ನಿನ್ನ ಪಾಲು ಇದರಾಗ ಬ್ಯಾಡ."

ಕೆಂಪು ಅಂಕಿ ನಡುಗಿ ನಿಲ್ಲುತ್ತದೆ.
ನಂಬದೆ ಹಿತ್ತಾಳೆ ಬಟ್ಟು ಇಟ್ಟು ನೋಡುತ್ತಾನೆ:
ಎರಡು ಕಾಳು ಸುಳ್ಳು. ಮತ್ತೆ ಸೊನ್ನೆ.
ಚಮಚದ ತುದಿಯಿಂದ ಕರಿಮದ್ದು
ಸಾಸಿವೆಯಂತೆ ಉದುರುತ್ತದೆ.

ಹೆಚ್ಚಾದರೆ ಕಲ್ಲಿನೊಳಗೆ ಕೂದಲೆಳೆ ಬಿರುಕು,
ಪಾಲಿಶ್ ಆದಮೇಲೆ
ಯಾರದೋ ಅಡುಗೆಮನೆಯಲ್ಲಿ ಕಾಣುವಂಥದು.
ಕಡಿಮೆಯಾದರೆ ಬಂಡೆ ಕೆಮ್ಮಿ ಸುಮ್ಮನಾಗುತ್ತದೆ;
ಹತ್ತಿರ ಹೋಗಿ ನೋಡಲು ಒಬ್ಬ ಬೇಕು.

ಅವನ ಎಡಗೈಯಲ್ಲಿ ಮೂರೇ ಬೆರಳು.
ಉಳಿದೆರಡು ಯಾವ ವರ್ಷದ ತೂಕವೋ,
ನಾನು ಕೇಳಿಲ್ಲ.

ಹನ್ನೆರಡು ಕುಳಿ, ಹನ್ನೆರಡು ಪೊಟ್ಟಣ, ಒಂದೇ ಅಂಕಿ.
ಕೈ ತೊಳೆದು ಬಂದವನು ಚಹಾಕ್ಕೆ
ಸಕ್ಕರೆ ಮಾತ್ರ
ಡಬ್ಬಿ ಬಗ್ಗಿಸಿ ಸುರಿದ.