ಬೆರಳ ಬದಿ

ಔಷಧದಂಗಡಿಯ ಗಾಜಿನ ಕಟ್ಟೆಯ ಮೇಲೆ
ಯೆರ್ನೇಯ್ ಮೂರು ಯಂತ್ರ ಇಟ್ಟ,
ಸಂತೆಯಲ್ಲಿ ಕೋಳಿಮರಿ ಮಾರುವವನ ಹಾಗೆ
ಒಂದೊಂದನ್ನೂ ಮಗುಚಿ, ಹೊಟ್ಟೆ ತೋರಿಸಿ.
ಇಪ್ಪತ್ತಾರರ ಹುಡುಗ. ಅವನ ಜ್ಞಾನಸ್ನಾನದ ಅಂಗಿಗೆ
ಲೇಸಿನ ಅಂಚು ಹೆಣೆದವಳು ನಾನು.

ಮೂರರಲ್ಲಿ ಲೇಸು ಯಾವುದಪ್ಪ, ಎಂದೆ.

"ಇದು ಮೊಬೈಲಿನ ಜೊತೆ ಮಾತಾಡುತ್ತದೆ, ಮಿಲೋಯ್ಕಾ ಅತ್ತೆ."
ನನ್ನ ಮೊಬೈಲು ನನ್ನ ಜೊತೆಯೇ ಮಾತು ಬಿಟ್ಟಿದೆ.
"ಇದು ಬಾಯಿಬಿಟ್ಟೇ ಹೇಳುತ್ತದೆ, ಕಣ್ಣು ಮಂಜಾದವರಿಗೆ."
ಗುಂಡಿ ಒತ್ತಿದ. ಜರ್ಮನ್ ಹೆಂಗಸೊಬ್ಬಳು
ಅಂಗಡಿಗೆಲ್ಲ ಕೇಳುವಂತೆ ಅಂಕಿಯೊಂದನ್ನು ಒದರಿದಳು.
ಸ್ಲೊವೇನಿಯನ್ ಬರುವುದಿಲ್ಲವಂತೆ ಅವಳಿಗೆ.
ಕೆಮ್ಮಿನ ಸಿರಪ್ಪಿಗೆ ನಿಂತಿದ್ದ ಪಾದ್ರಿ ತಿರುಗಿ ನೋಡಿದರು.
ಬೇಡ. ನನ್ನದು
ಇದ್ರಿಯಾ ಊರಿಗೆಲ್ಲ ಹಂಚುವ ಸಕ್ಕರೆಯಲ್ಲ.

ಎಷ್ಟು ರಕ್ತ ಬೇಕು ಇದಕ್ಕೆ? ಎಲ್ಲಿಂದ?
ನನಗೆ ಬೇಕಾದ್ದು ಅಷ್ಟೇ.

ಎಂಟನೆಯ ವಯಸ್ಸಿನಿಂದ ಈ ಬೆರಳು ದಿಂಬಿನ ಮೇಲೆ.
ಏಳು ಜೋಡಿ ಕಂಡಿಕೆ, ಅಡ್ಡ, ತಿರುವು, ಅಡ್ಡ,
ಗುಂಡುಸೂಜಿ.
ಚುಚ್ಚಿತೋ, ಟೀಚರು ಕಲಿಸಿದ್ದು ಹೀಗೆ:
ಮೊದಲು ಕೈ ಹಿಂದೆಗೆ, ಅಳು ಆಮೇಲೆ.
ನಿನ್ನ ರಕ್ತದ ಕಲೆ ನಿನ್ನ ಎಂಜಲಿಗೆ ಮಾತ್ರ ಹೋಗುತ್ತದೆ.
ಐವತ್ತೆಂಟು ವರ್ಷ
ಬಿಳಿಯದರಿಂದ ರಕ್ತವನ್ನು ದೂರ ಇಟ್ಟವಳಿಗೆ
ಈಗ ದಿನಕ್ಕೆರಡು ಸಲ
ಬಿಳಿ ಪಟ್ಟಿಯ ತುದಿಗೆ ನೀನೇ ತಂದು ಮುಟ್ಟಿಸು ಅನ್ನುತ್ತಾರೆ.

"ಬೆರಳ ತುದಿಗಲ್ಲ ಅತ್ತೆ, ಬದಿಗೆ. ಅಲ್ಲಿ ನೋವು ಕಡಿಮೆ."
ಇಷ್ಟು ಗೊತ್ತಿದ್ದರೆ ಸಾಕಿತ್ತು, ಹುಡುಗಾ.
ಬದಿಯಲ್ಲಿ ದಾರ ಓಡುವುದಿಲ್ಲ.

ಮೂರನೆಯದನ್ನು ತೆಗೆದುಕೊಂಡೆ. ಬೂದು ಬಣ್ಣ,
ಸವೆದ ಸಾಬೂನಿನ ಗಾತ್ರ, ದಪ್ಪ ಅಂಕಿ,
ಗಸಗಸೆ ಕಾಳಿನಷ್ಟು ರಕ್ತಕ್ಕೆ ತೃಪ್ತಿ.
ಕುದುರೆ ಪುಕ್ಕಟೆ, ಹುಲ್ಲಿಗೆ ದುಡ್ಡು:
ಐವತ್ತು ಪಟ್ಟಿಯ ಡಬ್ಬಿಯ ಬೆಲೆ ಕೇಳಿ
ಎರಡು ಸಲ ಕೇಳಿದೆ.

ಸ್ರೆಚ್ಕೊ ಇದ್ದಿದ್ದರೆ ನಗುತ್ತಿದ್ದ.
ಮೂವತ್ತು ವರ್ಷ ಪಾದರಸದ ಗಣಿಯಲ್ಲಿ ಇಳಿದವನು,
ಗಣಿಯ ಡಾಕ್ಟರಿಗೆ ಆಗಾಗ ಸೀಸೆ ತುಂಬಿ ಕೊಡುತ್ತಿದ್ದ;
ಮೂತ್ರದಲ್ಲಿ ಹುಡುಕುತ್ತಿದ್ದರು, ಒಳಗೆಷ್ಟು ಬೆಳ್ಳಿ ಸೇರಿದೆಯೆಂದು.
ಹೆಚ್ಚಾದರೆ ಕೆಲವು ತಿಂಗಳು ಮೇಲಿನ ಅಂಗಳ ಗುಡಿಸುವ ಕೆಲಸ.
ಏನು ಬಂತು ಎಂದರೆ
"ಅಂಕಿ ಬಂತು" ಎನ್ನುತ್ತಿದ್ದ.
ಚೀಟಿಯನ್ನು ಟೋಪಿಯ ಒಳಗೆ ಮಡಿಸಿಡುತ್ತಿದ್ದ.
ಸೂಪಿನ ಚಮಚೆ ತುಟಿಗೆ ಬರುವಷ್ಟರಲ್ಲಿ ಅರ್ಧ ಖಾಲಿ,
ನಾನು ನೋಡದವಳಂತೆ ನೋಡುತ್ತಿದ್ದೆ.

ಮೊದಲ ಬೆಳಿಗ್ಗೆ. ಚಟ್ ಅಂದಿತು ಸೂಜಿ.
ಹದಿನಾಲ್ಕು ಪಾಯಿಂಟ್ ಎರಡು.
ಕುರ್ಚಿ ಹುಡುಕಿ ಕೂತೆ. ಎಷ್ಟು ಹೊತ್ತೋ.
ಕಿಟಕಿಯಾಚೆ ನದಿ ತನ್ನ ಪಾಡಿಗೆ ಹಸಿರಾಗಿತ್ತು.
ಆಮೇಲೆ ಕಣ್ಣಿಗೆ ಬಿತ್ತು, ಒಲೆಯ ಪಕ್ಕ
ಪ್ಲಮ್ ಹಣ್ಣಿನ ಜಾಮಿನ ಬಾಟಲಿ; ಮುಚ್ಚಳ ಒರೆಸಿದ್ದು
ಇದೇ ಬೆರಳು.
ಸಾಬೂನು, ಬಿಸಿನೀರು, ಒಣ ಬಟ್ಟೆ.
ಇನ್ನೊಂದು ಪಟ್ಟಿ ಹಾಳು, ಆಗಲಿ.
ಎಂಟು ಪಾಯಿಂಟ್ ಮೂರು.
ಇದೂ ಒಳ್ಳೆಯದೇನಲ್ಲ. ಆದರೆ ಇದು ನನ್ನದು,
ಮೊದಲಿನದು ಹಣ್ಣಿನದು.

ಕೋಪೆರಿನಿಂದ ಮಗಳ ಫೋನು. ಏನು ಬಂತಮ್ಮ?
"ಅಂಕಿ ಬಂತು" ಅಂದೆ.
ಅಂದ ಮೇಲೆ ಕೇಳಿಸಿತು, ಯಾರ ದನಿಯೆಂದು.
ಅವಳಿಗೂ ಕೇಳಿಸಿರಬೇಕು, ಸುಮ್ಮನಾದಳು.
ಎಂಟು ಮೂರು, ಎಂದೆ. ತಡೆದು
ಹದಿನಾಲ್ಕನ್ನೂ ಹೇಳಿದೆ, ಜಾಮನ್ನೂ.
ಯಾವ ಹಣ್ಣಿನದು ಎಂದು ಕೇಳಿದಳು ಆ ಹುಚ್ಚಿ.

ಬೆರಳು ನೆಕ್ಕಿಕೊಂಡು
ದಿಂಬಿನ ಮೇಲಿನ ಬಟ್ಟೆ ಸರಿಸಿದೆ.