ಅರವತ್ತರ ಬಲ್ಬು

ಪುಷ್ಯದ ಚಳಿ. ನಾಲೆಯ ಮೇಲಿಂದ ಎದ್ದ ಮಂಜು
ಕಬ್ಬಿನ ಗರಿ ಸವರಿಕೊಂಡು, ಬೇಲಿ ದಾಟಿ,
ಗೂಡಿನ ಬಾಗಿಲಲ್ಲಿ ನಿಂತಿದೆ
ಕೈಸಾಲ ಕೇಳಲು ಬಂದವರ ಹಾಗೆ.

ಹಳೇ ಮಂಕರಿ, ಒಳಗೆ ಭತ್ತದ ಹೊಟ್ಟು,
ಮೇಲೊಂದು ಗೋಣಿಚೀಲ,
ಅದರ ತೂತಿನಿಂದ ಇಳಿಬಿಟ್ಟ ಅರವತ್ತರ ಬಲ್ಬು:
ಹದಿನಾಲ್ಕು ಮರಿಗೆ ಈಗ ಅದೇ ತಾಯಿ.
ಕಾವು ಕೂತಿದ್ದವಳು, ಆ ಕೆಂಚಿ,
ಮರಿಯೊಡೆದ ಮೂರನೇ ದಿನ ಮುಂಗುಸಿಯ ಬಾಯಿಗೆ ಹೋದಳು.
ಹುಣಸೆಮರದ ಬುಡದಲ್ಲಿ ಎರಡು ಪುಕ್ಕ ಸಿಕ್ಕಿತು, ಅಷ್ಟೆ.

ನಾನು ಲೈನ್‌ಮನ್ ರಾಚಪ್ಪನ ಹೆಂಡತಿ.
ಕರೆಂಟು ಹೋದರೆ ಬೈಗುಳ ಮೊದಲು ನಮ್ಮ ಬಾಗಿಲಿಗೆ.
ಬಂದರೆ ಮಾತ್ರ ಅದು ತಂತಾನೇ ಬಂದದ್ದು.

ರಾತ್ರಿ ಎರಡಕ್ಕೆ ಹೋಯಿತು.
ಫೋನು ಬಡಕೊಂಡಿತು. ಎದ್ದ.
ಮಂಕಿ ಟೋಪಿ, ಕೈಗವಸು, ಟಾರ್ಚು.
"ನಾಲೆ ಏರಿ ಮ್ಯಾಲೆ ಜಂಪು ಕಟ್ಟಾಗದಂತೆ.
ಒಸಿ ಮರಿ ನೋಡ್ಕೊ."
ಬೈಕಿನ ಕೆಂಪು ದೀಪ ಹತ್ತು ಮಾರಿಗೇ ಕರಗಿತು.

ಬಲ್ಬು ಮುಟ್ಟಿದೆ. ಇನ್ನೂ ಬೆಚ್ಚಗಿತ್ತು,
ಆಗತಾನೇ ಇಟ್ಟ ಮೊಟ್ಟೆಯಷ್ಟು.
ಎಣಿಸುತ್ತ ಕೂತೆ. ನೂರಾಗುವುದರೊಳಗೆ
ಗಾಜು ಬರೀ ಗಾಜಾಯಿತು.
ಮರಿಗಳು ಒಂದರ ಮೇಲೊಂದು ಹತ್ತಿ
ನಡುಗುವ ಒಂದೇ ಮುದ್ದೆ.
ಅಡಿಗೆ ಸಿಕ್ಕಿದ್ದು ಸಾಯುತ್ತದೆ. ಅದು ಲೆಕ್ಕ.

ಸೆರಗಲ್ಲಿ ಎಷ್ಟು ಹಿಡಿದೀತು? ನಾಲ್ಕು? ಐದು?
ಮಂಕರಿಯನ್ನೇ ತಲೆಗೆ ಹೊತ್ತೆ.
ತೋಪಿನಾಚೆ ಕುಳ್ಳೇಗೌಡರ ಆಲೆಮನೆ.
ಗಾಣ ನಿಂತಿತ್ತು, ಒಲೆ ನಿಂತಿರಲಿಲ್ಲ.
ಕರೆಂಟಿಲ್ಲವೆಂದರೆ ಕುದಿಯುವ ಪಾಕ ಕೇಳುತ್ತದೆಯೆ?
ಕಬ್ಬಿನ ರಚ್ಚು ತಳ್ಳುತ್ತಿದ್ದ ಹುಡುಗ ನಕ್ಕ:
"ಏನಕ್ಕ, ಈ ಹೊತ್ನಲ್ಲಿ ಕೋಳಿ ಮಾರಾಕೆ?"
ಆಮೇಲೆ ಜರುಗಿ ಜಾಗ ಬಿಟ್ಟ,
ತನ್ನ ಕಂಬಳಿ ಮಡಿಸಿ ಮಂಕರಿಯ ಅಡಿಗಿಟ್ಟ.

ಉರಿಯ ಬೆಳಕಲ್ಲಿ ಮುದ್ದೆ ಬಿಚ್ಚಿಕೊಂಡಿತು.
ಒಂದು, ಬೆಲ್ಲದ ಚೂರು ಕುಕ್ಕಿ
ಕೊಕ್ಕು ಅಂಟಿಕೊಂಡು ಗಾಬರಿಯಾಯಿತು.
ಬೂದುಬಣ್ಣದ್ದು ಮಾತ್ರ ಕತ್ತು ಎತ್ತಲಿಲ್ಲ.
ಅಂಗೈಯಲ್ಲಿಟ್ಟು ಊದಿದೆ, ಊದಿದೆ.

ನಾಲ್ಕೂವರೆಗೆ ಗಾಣ ಗೊರಗೊರ ಎಂದಿತು.
ಆಚೆ ಊರು ಒಂದೇ ಸಲ ಕಣ್ಣುಬಿಟ್ಟಿತು:
ಹಾಲಿನ ಡೈರಿ, ಮಾರಿಗುಡಿ, ಶಾಲೆಯ ಮುಂದಿನ ಬೀದಿದೀಪ.
ಯಾರೂ ಅವನ ಹೆಸರು ಹೇಳಲಿಲ್ಲ.
ನಾನೂ.

ಮನೆಗೆ ಬಂದರೆ ನಮ್ಮದೊಂದೇ ಕತ್ತಲೆ.
ಫ್ಯೂಸು ಸುಟ್ಟಿದೆ, ಕಟ್ಟಲು ತಂತಿಯಿಲ್ಲ.
ಇದ್ದಷ್ಟನ್ನೂ ಮೊನ್ನೆ ಪಕ್ಕದ ಮನೆಗೆ ಕಟ್ಟಿದ್ದಾನೆ.
ಜಗಲಿಯಲ್ಲಿ ಕೂತಿದ್ದ, ಬೆರಳು ಮಡಚಲಾರದೆ.
ಏನೂ ಹೇಳದೆ ಆ ಎರಡು ಕೈಗಳ ನಡುವೆ
ಬೂದು ಮರಿಯನ್ನಿಟ್ಟೆ.

ಒಲೆ ಹಚ್ಚಿ, ಕಾಫಿಗೆ ನೀರಿಡುವಷ್ಟರಲ್ಲಿ
ಹೊರಗಿನಿಂದ ಕೂಗಿದ,
ಲಾಟರಿ ಹೊಡೆದವನ ಹಾಗೆ:
"ಲೇ, ಕೈ ಮ್ಯಾಲೆ ಹಿಕ್ಕೆ ಹಾಕ್ತು ಕಣೆ!"