ದೀಪ ಯಾವ ಬಣ್ಣ ಐತ್ರಿ

ಹತ್ತೂ ಹತ್ತಕ್ಕೆ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ,
ಪರದೆಯ ಮೂಲೆಯ ಪುಟ್ಟ ಗೋಳಕ್ಕೆ
ಅಡ್ಡಗೆರೆ ಬಿತ್ತು. ಅಷ್ಟೇ.
ನೂರ ಎಪ್ಪತ್ತು ಲಾಟು ಗೂಡು
ಬೆಲೆಯಿಲ್ಲದೆ ಕೂತವು.

ಏಮಯಿಂದಿ ಸಾರೂ, ಕಿಟಕಿಯಾಚೆಯಿಂದ.
ಸರ್ವರ್, ಅಂದೆ.
ಆ ಒಂದು ಮಾತಿಗೆ ನಮ್ಮ ಕಡೆ ಎಲ್ಲರೂ ಸುಮ್ಮನಾಗುತ್ತಾರೆ,
ಯಾರದೋ ಮೈಮೇಲೆ ಗಂಗಮ್ಮ ಬಂದಳು ಅಂದ ಹಾಗೆ.

ಹುಳುವಿಗೆ ಮಾತ್ರ ಯಾರೂ ಹೇಳಿರಲಿಲ್ಲ.
ಗೂಡಿನೊಳಗೆ ಅದು ತನ್ನ ಪಾಡಿಗೆ
ರೆಕ್ಕೆ ಹೊಲಿದುಕೊಳ್ಳುತ್ತಿತ್ತು.
ನಾಲ್ಕು ದಿನ ಬಿಟ್ಟರೆ ತೂತು ಕೊರೆದು ಬಂದೀತು,
ಆಮೇಲೆ ಯಾವ ಹರಾಜು.

ಕನ್ನಡಕ್ಕೆ ಎರಡು ಒತ್ತಿದೆ. ದೂರಿಗೆ ನಾಲ್ಕು.
ಇಪ್ಪತ್ತೆರಡು ನಿಮಿಷ ಒಂದು ಪಿಟೀಲು
ಒಂದೇ ಸಾಲನ್ನು ಉಜ್ಜಿ ಉಜ್ಜಿ ತಿಕ್ಕಿತು.
ಕೊನೆಗೊಂದು ಹುಡುಗಿ, ಗದಗದ ಕಡೆಯ ದನಿ:
ಶಿವಲೀಲಾ ಮಾತಾಡೋದ್ರಿ, ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ.
ಮಾಡಿದೆ.
ಇನ್ನೊಮ್ಮೆ ಮಾಡ್ರಿ.
ಮಾಡಿದೆ.
ಹಂಗಾರ ಹಿಂದ ಹೋಗ್ರಿ. ಕೇಬಲ್ ಚುಚ್ಚಿರ್ತದಲ್ಲ,
ಅಲ್ಲೊಂದು ಸಣ್ಣ ದೀಪ. ಯಾವ ಬಣ್ಣ ಐತ್ರಿ?

ಮೇಜಿನಡಿ ನುಗ್ಗಿದೆ.
ಆರು ವರ್ಷ ಇದರ ಮುಂದೆಯೇ ಕೂತು
ಒಮ್ಮೆಯೂ ಹೋಗದ ಊರು ಅದು.
ಗೂಡಿನ ಜುಂಗು, ಕಡಲೆಕಾಯಿ ಸಿಪ್ಪೆ,
ಹೋದ ಯುಗಾದಿಗೆ ಇಡೀ ಕಚೇರಿ ಹುಡುಕಿದ ರಸೀದಿ ಪುಸ್ತಕ,
ಇಲಿ ಹಿಕ್ಕೆ.

ದೀಪವೂ ಇತ್ತು. ಬಣ್ಣ ಹೇಳಲಾಗಲಿಲ್ಲ.
ಹಸಿರಲ್ಲ. ಕೇಸರಿ ಅನ್ನೋಣವೆಂದರೆ ಅದೂ ಅಲ್ಲ.
ಸೊಪ್ಪು ಬಿಟ್ಟು, ತಲೆಯೆತ್ತಿ,
ಚಂದ್ರಿಕೆ ಏರಲು ಹೊರಟ ಹಣ್ಣು ಹುಳುವಿನ ಬಣ್ಣ.
ಹಾಗೇ ಹೇಳಿಬಿಟ್ಟೆ.
ಆ ಕಡೆ ಕೀಲಿಮಣೆಯ ಟಕಟಕ ನಿಂತಿತು.
ಸರ್, ಅದು ಇಲ್ಲಿ ಪಟ್ಟಿಯೊಳಗ ಇಲ್ರಿ.
ಹಸಿರು, ಕೇಸರಿ, ಇಲ್ಲಾಂದ್ರ ದೀಪನ ಇಲ್ಲ. ಮೂರೇ ಅದಾವ.
ಇಬ್ಬರೂ ನಕ್ಕೆವು. ನಗುವಿನ ನಡುವೆ ಲೈನು ಕಟ್ಟಾಯಿತು.

ಜರಾ ಸರ್ಕೋ ಬೇಟಾ.
ಖುತೇಜಾಬಿ. ಎರಡು ಲಾಟಿಗೆಂದು ಏಳಕ್ಕೇ ಬಂದವಳು.
ಮೂವತ್ತು ವರ್ಷ ಕುದಿನೀರಿನ ಬಾಣಲೆಯಲ್ಲಿ
ಎಳೆಯ ತುದಿ ಹುಡುಕಿ ಹುಡುಕಿ
ಬೆಂದು ಬಿಳುಚಿದ ಬೆರಳು.
ಕಂಪ್ಯೂಟರನ್ನು ಅವಳು ನೋಡಲೇ ಇಲ್ಲ.
ವೈರು ಹಿಡಿದು, ಕಣ್ಣು ಎತ್ತಲೋ ಇಟ್ಟು,
ಗೋಡೆಗುಂಟ ನಡೆದಳು,
ತಕ್ಕಡಿಯ ಹಿಂದೆ, ಬೀರುವಿನ ಬೆನ್ನಿಗೆ,
ಮುರಿದ ಕುರ್ಚಿ ಒಟ್ಟಿದ ಮೂಲೆಯಲ್ಲಿ ನಿಂತಳು.
ಇಲ್ಲಿ.

ಇಲಿ ರುಚಿ ನೋಡಿ ಬಿಟ್ಟ ಜಾಗ.
ಸಿಪ್ಪೆ ಸುಲಿದರೆ ಎಂಟು ಎಳೆ, ಜೋಡಿ ಜೋಡಿ ಹೊಸೆದದ್ದು.
ಹುರಿ ಚೆನ್ನಾಗಿ ಹಾಕಿದ್ದಾರೆ, ಅಂದಳು,
ಪಕ್ಕದ ಬೀದಿಯ ಯಾರದೋ ಮಗ್ಗದ ಕೆಲಸ ಮೆಚ್ಚಿದಂತೆ.
ಎರಡು ಕಡಿದಿದ್ದವು.
ಗಂಟು ಹಾಕಲಾ?
ಹಲ್ಲಿನಲ್ಲಿ ಸುಲಿದೆ, ಅವಳು ಹೊಸೆದಳು,
ಆಟೋ ರಾಮಾಂಜಿಯ ಕಪ್ಪು ಟೇಪು ಸುತ್ತಿದೆವು.

ಗೋಳದ ಮೇಲಿನ ಗೆರೆ ಹೋಯಿತು.
ಹನ್ನೊಂದೂ ನಲವತ್ತಕ್ಕೆ ಹರಾಜು, ಕುಂಟುತ್ತಾ.
ಖುತೇಜಾಬಿ ಕೂಗಿದ ಲಾಟು
ಇನ್ಯಾರದೋ ಮೊಬೈಲಿಗೆ ಹೋಯಿತು,
ಒಂದು ರೂಪಾಯಿ ಹೆಚ್ಚಿಗೆ.
ಎರಡನೆಯದೂ.
ಪರದೆಯಲ್ಲಿ ಆ ಅಂಕಿ ಒತ್ತಿದವನು ನಾನೇ.
ಅವಳು ಬುರ್ಖಾದ ಜುಂಗು ಕೊಡವಿ
ನಾಳೆ ನೋಡೋಣ ಅಂದು ನಡೆದಳು.

ಸಂಜೆ ಆರಕ್ಕೆ ಫೋನು.
ಶಿವಲೀಲಾ ರೀ. ನಿಮ್ಮ ಸಮಸ್ಯೆ ಬಗೀಹರೀತೇನು?
ಹರೀತು.
ಯಾರು ಸರಿ ಮಾಡಿದ್ರು? ಹೆಸರು ಬರಕೋಬೇಕ್ರಿ.
ಒಂದೊಂದೇ ಅಕ್ಷರ ಹೇಳಿದೆ. ಅವಳು ಒಂದೊಂದೇ ಬರೆದುಕೊಂಡಳು.
ಇಂಜಿನಿಯರ್ರಾ?
ರೀಲರ್.
ಬರೆದಳೋ ಬಿಟ್ಟಳೋ, ತಿಳಿಯಲಿಲ್ಲ.
ಆಮೇಲೆ, ಪಟ್ಟಿಯಲ್ಲಿ ಇಲ್ಲದ ದನಿಯಲ್ಲಿ:
ಈಗ ಯಾವ ಬಣ್ಣ ಐತ್ರಿ?

ಎಲ್ಲ ಬಂದ್ ಮಾಡಿ ಬೀಗ ಕೈಯಲ್ಲಿತ್ತು.
ಆದರೂ ಮೇಜಿನಡಿ ಬಗ್ಗಿ ನೋಡಿದೆ.